ಒಂದೇ ಸಾಲ, ಮೂರು ಫೀ ಪಟ್ಟಿ: ಮುಲುಂಡಿನಲ್ಲಿ ನಾವು ಮಾಡಿದ ಹೋಲಿಕೆ

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರವನ್ನು, ಶೇ 5.50ಕ್ಕೆ ಇಳಿಸಿತು. ಫೆಬ್ರವರಿಯಲ್ಲಿ ಕಾಲು, ಏಪ್ರಿಲ್‌ನಲ್ಲಿ ಕಾಲು, ಜೂನ್‌ನಲ್ಲಿ ಅರ್ಧ. ನಾಲ್ಕು ತಿಂಗಳಲ್ಲಿ ಒಟ್ಟು ಒಂದು ಪರ್ಸೆಂಟ್ ಇಳಿದಿತ್ತು. ಅವತ್ತು ಸಂಜೆ ನಮ್ಮ ಮನೆ ಸಾಲದ ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಬಡ್ಡಿ ಶೇ 9.40. ಜನವರಿಯಲ್ಲಿ ಎಷ್ಟಿತ್ತೋ ಅಷ್ಟೇ.

ಮುಂಬಯಿಯ ಮುಲುಂಡ್ ಪೂರ್ವದಲ್ಲಿ, 1994ರಲ್ಲಿ ಕಟ್ಟಿದ ಒಂದು ಸೊಸೈಟಿಯಲ್ಲಿ ನಾವು ಫ್ಲಾಟ್ ಕೊಂಡದ್ದು 2018ರಲ್ಲಿ. ಸಾಲ ಕೊಟ್ಟದ್ದು ಒಂದು ಹೌಸಿಂಗ್ ಫೈನಾನ್ಸ್ ಕಂಪನಿ. ನಡುವೆ ಬಡ್ಡಿ ಏರಿದಾಗ ಅವಧಿಯೂ ಉದ್ದವಾಗಿ, ಇನ್ನೂ 38 ಲಕ್ಷ ರೂಪಾಯಿ, 14 ವರ್ಷ ಬಾಕಿ ಉಳಿದಿತ್ತು. ತಿಂಗಳ ಕಂತು 40,753.

ರೆಪೊ ಇಳಿದರೂ ನಮ್ಮದು ಇಳಿಯದಿರಲು ಕಾರಣ ಸರಳ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಮನೆ ಸಾಲವನ್ನು ರೆಪೊದಂಥ ಹೊರಗಿನ ಅಳತೆಗೋಲಿಗೆ ಜೋಡಿಸಲೇಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಸರಿಪಡಿಸಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟುಪಾಡು ಇಲ್ಲ. ಅವು ತಮ್ಮದೇ ದರ ಇಟ್ಟುಕೊಳ್ಳುತ್ತವೆ. ಇಳಿಸಬೇಕು ಅನಿಸಿದಾಗ ಇಳಿಸುತ್ತವೆ. ಅದೇ ಕಂಪನಿ ಹೊಸ ಗಿರಾಕಿಗಳಿಗೆ ಎಂಟರ ಆಸುಪಾಸಿನಲ್ಲಿ ಸಾಲ ಕೊಡುತ್ತಿತ್ತು. ಏಳು ವರ್ಷ ಒಂದೂ ಕಂತು ತಪ್ಪಿಸದ ನಮಗೆ 9.40. ಈ ವಿಷಯ ನನಗೆ ನಿಜಕ್ಕೂ ಬೇಜಾರು ತಂದಿತು.

ಮೂರು ದಾರಿ ಇದ್ದವು. ಅದೇ ಕಂಪನಿಯಲ್ಲಿ ಫೀ ಕಟ್ಟಿ ದರ ಇಳಿಸಿಕೊಳ್ಳುವುದು. ಖಾಸಗಿ ಬ್ಯಾಂಕಿಗೆ ಸಾಲ ವರ್ಗಾಯಿಸುವುದು. ಇಲ್ಲವೇ ಸರ್ಕಾರಿ ಬ್ಯಾಂಕಿಗೆ. ನಾನು ಭಾಂಡುಪಿನ ಒಂದು ಸಣ್ಣ ಸಂಸ್ಥೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ವೋಚರ್ ಇಲ್ಲದೆ ಖರ್ಚು ಬರೆದು ಅಭ್ಯಾಸ ಇಲ್ಲ. ಹಾಗಾಗಿ ಮೂರೂ ಕಡೆ ಕೇಳಿ, ಮೂರೂ ಕಡೆಯ ಫೀ ಪಟ್ಟಿ ತರಿಸಿ, ಅಡುಗೆಮನೆ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡೆ. ಹೊಸ ಅರ್ಜಿ ಎರಡೇ ಕಡೆ ಹಾಕಿದೆ. ಹಾಕಿದ ಪ್ರತಿ ಅರ್ಜಿಯೂ ಕ್ರೆಡಿಟ್ ರಿಪೋರ್ಟಿನಲ್ಲಿ ದಾಖಲಾಗುತ್ತದೆ, ಸುಮ್ನೆ ಹತ್ತು ಕಡೆ ಹಾಕುವಂತಿಲ್ಲ. ಅದಕ್ಕೂ ಮೊದಲು ನಮ್ಮಿಬ್ಬರ ರಿಪೋರ್ಟ್ ತೆಗೆದು ನೋಡಿದ್ದೆ. ಸಿಬಿಲ್ ಸೇರಿ ನಾಲ್ಕೂ ಕ್ರೆಡಿಟ್ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಸ್ಕೋರ್ ಕೈಯಲ್ಲಿದ್ದರೆ ಚೌಕಾಸಿಗೆ ಧೈರ್ಯ ಬರುತ್ತದೆ.

ಪಟ್ಟಿಯ ಪ್ರತಿ ಸಾಲಿನ ಎದುರಿಗೂ ನಾನು ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಬರೆದೆ: ಈ ದುಡ್ಡು ಯಾರ ಕೈಗೆ ಹೋಗುತ್ತದೆ? ಸರ್ಕಾರಕ್ಕೆ ಹೋಗುವುದಾದರೆ ಚೌಕಾಸಿ ಇಲ್ಲ. ವಕೀಲರಿಗೆ, ಮನೆಯ ಬೆಲೆ ಕಟ್ಟುವ ವ್ಯಾಲ್ಯುಯರ್‌ಗೆ ಹೋಗುವುದಾದರೆ ರಸೀದಿ ಕೇಳಬೇಕು. ಸಾಲ ಕೊಡುವವರ ಕೈಯಲ್ಲೇ ಉಳಿಯುವುದಾದರೆ ಅದು ಮಾತಾಡಬಹುದಾದ ದುಡ್ಡು.

ಸರ್ಕಾರದ ಪಾಲು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮಹಾರಾಷ್ಟ್ರದಲ್ಲಿ ಇದು ಸಣ್ಣದಲ್ಲ. ಮನೆಯ ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿ ಅಡ ಇಟ್ಟಾಗ ಅದಕ್ಕೆ ಸ್ಟ್ಯಾಂಪ್ ಡ್ಯೂಟಿ ಇದೆ. ನಮಗೆ ಬಿದ್ದದ್ದು ಸಾಲದ ಶೇ 0.3, ಅಂದರೆ 11,400 ರೂಪಾಯಿ. ಸಾಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದಾಗ ಇದನ್ನು ಹೊಸದಾಗಿ ಕಟ್ಟಬೇಕು. 2018ರಲ್ಲಿ ಕಟ್ಟಿದ್ದೆವಲ್ಲ, ಅದನ್ನು ವಜಾ ಮಾಡಿಕೊಳ್ಳಬಾರದೇ ಎಂದು ಎರಡೂ ಬ್ಯಾಂಕಿನಲ್ಲಿ ಕೇಳಿದೆ. ಆಗುವುದಿಲ್ಲ. ಅದರ ಜೊತೆ ಅಡ ಇಟ್ಟದ್ದನ್ನು ತಿಳಿಸುವ, ನೋಟಿಸ್ ಆಫ್ ಇಂಟಿಮೇಶನ್ ಎಂಬ ಒಂದು ಕಾಗದ ಉಂಟು. ಅಡ ಇಟ್ಟ 30 ದಿನದೊಳಗೆ ಸಬ್ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಹ್ಯಾಂಡ್ಲಿಂಗ್ ಚಾರ್ಜ್ ಸೇರಿ ನಮಗೆ 1,300 ಬಿತ್ತು. ಸೆರ್ಸಾಯಿ ಎಂಬ ಕೇಂದ್ರದ ದಾಖಲೆ ಪುಸ್ತಕದಲ್ಲಿ ಅಡದ ವಿವರ ಸೇರಿಸಲು 100 ರೂಪಾಯಿ, ಜಿಎಸ್‌ಟಿ ಸೇರಿ 118. ಒಟ್ಟು 12,818. ಎಷ್ಟೇ ವಾದ ಮಾಡಿದರೂ ಇದರಲ್ಲಿ ಒಂದು ಪೈಸೆಯೂ ಕಡಿಮೆಯಾಗದು. ಸಾಲ ಇದ್ದಲ್ಲೇ ಇದ್ದರೆ ಮಾತ್ರ ಇದು ಪೂರ್ತಿ ಉಳಿಯುತ್ತದೆ. ಹಾಗಾಗಿ ಹಳೆಯ ಕಡೆ ಮೊದಲು ಮಾತಾಡುವುದು ಸರಿ ಅನಿಸಿತು.

ಹಳೆಯ ಕಂಪನಿಯಲ್ಲಿ

ಇವರ ಶಾಖೆ ಠಾಣೆಯಲ್ಲಿ. ಮುಲುಂಡಿನಿಂದ ಒಂದೇ ಸ್ಟೇಷನ್. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, ‘ಮೇಡಂ, ನಿಮಗೆ ಶೇ 8.50 ಕೊಡಬಹುದು, ಕನ್ವರ್ಷನ್ ಫೀ ಬಾಕಿಯ ಅರ್ಧ ಪರ್ಸೆಂಟ್’ ಎಂದಳು. ಅರ್ಧ ಪರ್ಸೆಂಟ್ ಅಂದರೆ ಕೇಳುವುದಕ್ಕೆ ಏನೂ ಅಲ್ಲ. ರೂಪಾಯಿಯಲ್ಲಿ 19,000, ಜಿಎಸ್‌ಟಿ 3,420, ಒಟ್ಟು 22,420. ಫೀಯನ್ನು ಪರ್ಸೆಂಟಿನಲ್ಲಿ ಹೇಳಿದಾಗಲೆಲ್ಲ ಕೂತಲ್ಲೇ ರೂಪಾಯಿಗೆ ಬದಲಿಸಿ, ಜಿಎಸ್‌ಟಿ ಕೂಡಿಸಿ ಬರೆದುಕೊಳ್ಳಿ. ಮನಸ್ಸು ಬೇರೆಯೇ ತರ ಯೋಚಿಸುತ್ತದೆ.

‘ಈ 22 ಸಾವಿರಕ್ಕೆ ಏನು ಕೆಲಸ ಆಗುತ್ತೆ?’ ಎಂದು ಕೇಳಿದೆ. ಜಗಳಕ್ಕಲ್ಲ, ತಿಳಿಯುವುದಕ್ಕೇ ಕೇಳಿದ್ದು. ಹೊಸ ವ್ಯಾಲ್ಯುಯೇಶನ್ ಇಲ್ಲ. ವಕೀಲರು ನೋಡುವುದಿಲ್ಲ. ಹೊಸ ಅಡ ಇಲ್ಲ. ಒಂದು ಅರ್ಜಿಗೆ ಸಹಿ, ಆಮೇಲೆ ಸಿಸ್ಟಮ್‌ನಲ್ಲಿ ಒಂದು ಸಂಖ್ಯೆ ಬದಲಾಗುತ್ತದೆ. ಅವಳ ಬಳಿ ಉತ್ತರ ಇರಲಿಲ್ಲ, ಅದು ಅವಳ ತಪ್ಪೂ ಅಲ್ಲ. ಮೇಲಿನವರಿಗೆ ಇಮೇಲ್ ಬರೆದೆ. ‘ಇದು ನಮ್ಮ ಪಾಲಿಸಿ’ ಎಂಬ ಎರಡು ಸಾಲಿನ ಉತ್ತರ ಬಂತು.

ಮುಂದಿನ ವಾರ ಇನ್ನೊಂದು ಅರ್ಜಿ ಕೊಟ್ಟೆ. ಫೋರ್‌ಕ್ಲೋಷರ್ ಲೆಟರ್ (ಪೂರ್ತಿ ಸಾಲ ತೀರಿಸಲು ಎಷ್ಟು ಕಟ್ಟಬೇಕು ಎಂದು ತಿಳಿಸುವ ಪತ್ರ) ಬೇಕು, ನಮ್ಮ ಪತ್ರಗಳ ಪಟ್ಟಿಯೂ ಬೇಕು ಎಂದು. ಸಾಲ ಬೇರೆಡೆಗೆ ಒಯ್ಯುವವರು ಮೊದಲು ಕೇಳುವ ಕಾಗದಗಳೇ ಇವು. ವರ್ಗಾವಣೆಗೆ ಅರ್ಜಿ ಕೊಟ್ಟರೆ 21 ದಿನದೊಳಗೆ ಹೌದು, ಅಲ್ಲ ಎಂದು ಹೇಳಬೇಕೆಂಬ ನಿಯಮ ಇದೆ, ಅದನ್ನೂ ಅರ್ಜಿಯಲ್ಲೇ ಬರೆದೆ. ಎರಡೇ ದಿನಕ್ಕೆ ಫೋನ್ ಬಂತು. ಈ ಸಲ ಶಾಖೆಯಿಂದಲ್ಲ. ಗಿರಾಕಿ ಬಿಟ್ಟುಹೋಗದಂತೆ ನೋಡಿಕೊಳ್ಳುವ ಬೇರೆಯೇ ವಿಭಾಗದಿಂದ. ಶೇ 8.50 ಇದ್ದದ್ದು ಶೇ 8.25 ಆಯಿತು. ಮರುದಿನ ಶೇ 8.10. ಫೀ ಅರ್ಧ ಪರ್ಸೆಂಟಿನಿಂದ ನೇರ 5,000ಕ್ಕೆ ಇಳಿಯಿತು, ಜಿಎಸ್‌ಟಿ ಸೇರಿ 5,900. ಹತ್ತು ದಿನದ ಹಿಂದೆ ಇದ್ದ ಪಾಲಿಸಿಯೇ ಅದು. ನಾನು ಕೌಂಟರಿನಲ್ಲಿ ಸಹಿ ಹಾಕಿ ಬಂದಿದ್ದರೆ 16,520 ರೂಪಾಯಿ ಜಾಸ್ತಿ ಕೊಟ್ಟು, ಶೇ 0.40 ಜಾಸ್ತಿ ಬಡ್ಡಿಗೆ ಒಪ್ಪಿರುತ್ತಿದ್ದೆ.

ಆ ಫೋರ್‌ಕ್ಲೋಷರ್ ಲೆಟರ್ ಬಂದಾಗ ಅದರಲ್ಲಿ ‘ಆಡಳಿತ ಶುಲ್ಕ 3,540’ ಎಂಬ ಸಾಲಿತ್ತು. ಫ್ಲೋಟಿಂಗ್ ದರದ ಮನೆ ಸಾಲವನ್ನು ಒಬ್ಬ ವ್ಯಕ್ತಿ ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಬ್ಯಾಂಕುಗಳಿಗೆ 2012ರಿಂದಲೇ ಈ ನಿಷೇಧ ಇದೆ, ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಇದೆ. ಬೇರೆ ಹೆಸರಿನಲ್ಲಿ ಬಂದದ್ದಕ್ಕೆ, ‘2018ರ ಮಂಜೂರಾತಿ ಪತ್ರದಲ್ಲಿ ಈ ಶುಲ್ಕ ಯಾವ ಪುಟದಲ್ಲಿದೆ ತೋರಿಸಿ’ ಎಂದಷ್ಟೇ ಬರೆದೆ. ಹೊಸ ಲೆಟರ್‌ನಲ್ಲಿ ಆ ಸಾಲು ಇರಲಿಲ್ಲ. ಹಳೆಯ ಮಂಜೂರಾತಿ ಪತ್ರ ಎಸೆಯಬೇಡಿ.

ಖಾಸಗಿ ಬ್ಯಾಂಕಿನಲ್ಲಿ

ಇಲ್ಲಿ ನಾವು ಎಲ್ಲೂ ಹೋಗಬೇಕಾಗಿರಲಿಲ್ಲ. ಏಜೆಂಟ್ ಹುಡುಗ ಭಾನುವಾರ ಬೆಳಿಗ್ಗೆ ಮನೆಗೇ ಬಂದ. ತುಂಬಾ ಚುರುಕು. ಐದು ದಿನದಲ್ಲಿ ಮಂಜೂರಾತಿ ತಂದುಕೊಟ್ಟ. ದರ ಶೇ 7.90, ‘ಪ್ರೊಸೆಸಿಂಗ್ ಫೀ ಝೀರೋ’. ನಮ್ಮ ಮನೆಯವರು ಅವತ್ತೇ ಸಹಿ ಹಾಕಲು ಪೆನ್ನು ತೆಗೆದಿದ್ದರು.

ಅವನು ಮೊದಲು ತೋರಿಸಿದ್ದು ಕಂತು. ‘ಮೇಡಂ, 40 ಸಾವಿರದ ಕಂತು 31,500ಕ್ಕೆ ಬರುತ್ತೆ!’ ನನಗೆ ಲೆಕ್ಕ ಸರಿ ಕಾಣಲಿಲ್ಲ. ಅವಧಿ ಎಷ್ಟು ಎಂದು ಕೇಳಿದೆ. 20 ವರ್ಷ. ನಮಗೆ ಉಳಿದದ್ದು 14. ಅಲ್ಲೇ ಗುಣಿಸಿ ತೋರಿಸಿದೆ. ಈಗಿನ ದುಬಾರಿ ಸಾಲವನ್ನೇ ಹೀಗೇ ಮುಂದುವರಿಸಿದರೆ ಒಟ್ಟು ಕಟ್ಟುವುದು ಸುಮಾರು 68.5 ಲಕ್ಷ. ಅವನ ಅಗ್ಗದ ಸಾಲವನ್ನು 20 ವರ್ಷ ಕಟ್ಟಿದರೆ 75.7 ಲಕ್ಷ. ಬಡ್ಡಿ ಒಂದೂವರೆ ಪರ್ಸೆಂಟ್ ಕಡಿಮೆ, ಕಟ್ಟುವುದು ಏಳು ಲಕ್ಷ ಜಾಸ್ತಿ! ಅವಧಿ 14 ವರ್ಷವೇ ಇರಲಿ ಎಂದು ಬರೆಸಿದೆ. ಆಗ ಕಂತು 37,455.

ಆಮೇಲೆ ಫೀ ಪಟ್ಟಿ ಕೇಳಿದೆ. ಬಾಯಿಮಾತಲ್ಲಿ ಬೇಡ, ಕೆಎಫ್‌ಎಸ್ ಕೊಡಿ ಎಂದೆ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಈ ಕಾಗದವನ್ನು 2024ರ ಅಕ್ಟೋಬರ್ 1ರಿಂದ ಎಲ್ಲ ಬ್ಯಾಂಕ್, ಕಂಪನಿಗಳೂ ಹೊಸ ಚಿಲ್ಲರೆ ಸಾಲಗಳಿಗೆ ಕೊಡಲೇಬೇಕು. ಸಾಲದವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಎಲ್ಲ ಖರ್ಚೂ ಅದರಲ್ಲಿ ಇರಬೇಕು, ವಕೀಲರದ್ದು ವಿಮೆಯದ್ದು ಕೂಡ. ಅದರಲ್ಲಿ ಇಲ್ಲದ ಫೀಯನ್ನು ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಮುಂದೆ ಯಾವತ್ತೂ ವಸೂಲಿ ಮಾಡುವಂತಿಲ್ಲ. ಮತ್ತೆ, ಎಲ್ಲ ಖರ್ಚನ್ನೂ ಬಡ್ಡಿಯ ಜೊತೆ ಸೇರಿಸಿ ಒಂದೇ ಸಂಖ್ಯೆಯಲ್ಲಿ ಹೇಳುವ ಎಪಿಆರ್ ಕೂಡ ಅದರಲ್ಲಿ ಇರಬೇಕು. ನನ್ನ ಕೈಗೆ ಸಿಕ್ಕ ಅತ್ಯಂತ ಉಪಯೋಗದ ಕಾಗದ ಇದು.

ಪ್ರೊಸೆಸಿಂಗ್ ಫೀ ನಿಜಕ್ಕೂ ಸೊನ್ನೆ ಇತ್ತು. ಅದರ ಕೆಳಗೆ ಲಾಗಿನ್ ಫೀ, ಅಂದರೆ ಅರ್ಜಿ ಹಾಕುವ ಶುಲ್ಕ, 5,900. ಲೀಗಲ್ ಮತ್ತು ಟೆಕ್ನಿಕಲ್, ಅಂದರೆ ವಕೀಲರದ್ದು ಮತ್ತು ವ್ಯಾಲ್ಯುಯರ್‌ದು, 10,620. ಡಾಕ್ಯುಮೆಂಟೇಶನ್ ಚಾರ್ಜ್ 8,850. ನೋಟಿಸ್ ಆಫ್ ಇಂಟಿಮೇಶನ್ ಸಲ್ಲಿಸುವ ಸೇವಾ ಶುಲ್ಕ ಅಂತ ಸರ್ಕಾರಿ ಫೀಯ ಮೇಲೆ 2,500. ಇವಕ್ಕೆ ಸರ್ಕಾರದ ಪಾಲು 12,818 ಕೂಡಿಸಿದರೆ ಒಟ್ಟು 40,688. ಕೊನೆಯಲ್ಲಿ ಒಂದೇ ಕಂತಿನ ಜೀವ ವಿಮೆ, 96,000. ಅದರ ಬಗ್ಗೆ ಏಜೆಂಟ್ ಒಂದು ಮಾತೂ ಆಡಿರಲಿಲ್ಲ. ಎಪಿಆರ್ ಶೇ 8.5 ದಾಟಿತ್ತು. ಅಂದರೆ, 7.90 ಎಂದು ಕರೆದ ಸಾಲ ಹಳೆಯ ಕಂಪನಿಯ 8.10ಕ್ಕಿಂತ ದುಬಾರಿ!

ಮೊದಲು ವಿಮೆ ಹಿಡಿದೆ. ಮನೆ ಸಾಲಕ್ಕೆ ಜೀವ ವಿಮೆ ಕಡ್ಡಾಯ ಎಂಬ ನಿಯಮ ಇಲ್ಲ. ನಮಗೆ ಈಗಾಗಲೇ ಟರ್ಮ್ ಪಾಲಿಸಿ ಇದೆ. ‘ವಿಮೆ ಬೇಡ ಅಂದ್ರೆ ದರ 8.05 ಆಗುತ್ತೆ’ ಎಂದ. ‘ಆಗಲಿ, ಅದನ್ನೇ ಬ್ಯಾಂಕಿನ ಇಮೇಲಿನಲ್ಲಿ ಬರೆದು ಕಳಿಸಿ’ ಎಂದೆ. ಆ ಇಮೇಲ್ ಬರಲೇ ಇಲ್ಲ. ನಾಲ್ಕು ದಿನ ಬಿಟ್ಟು ಬಂದ ಹೊಸ ಕೆಎಫ್‌ಎಸ್‌ನಲ್ಲಿ ವಿಮೆ ಇರಲಿಲ್ಲ, ದರ 7.90 ಹಾಗೇ ಇತ್ತು. ಬಾಯಲ್ಲಿ ಹೇಳುವ ಎಷ್ಟೋ ಷರತ್ತುಗಳು ಬರೆಯಲು ಹೇಳಿದಾಗ ಕರಗಿಹೋಗುತ್ತವೆ. ಈ ಮೂರು ತಿಂಗಳಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ವಾಕ್ಯ ‘ಬರೆದು ಕಳಿಸಿ’ ಎಂಬುದೇ.

ಡಾಕ್ಯುಮೆಂಟೇಶನ್ ಚಾರ್ಜ್ ಬಗ್ಗೆ, ಲೀಗಲ್ ಫೀ ಬೇರೆ ತೆಗೆದುಕೊಂಡ ಮೇಲೆ ಇದು ಯಾವ ಡಾಕ್ಯುಮೆಂಟಿಗೆ ಎಂದು ಕೇಳಿದೆ. ‘ಸಿಸ್ಟಮ್ ತೆಗೆಯೋಕೆ ಬಿಡೋದಿಲ್ಲ’ ಎಂದರು. ಮ್ಯಾನೇಜರ್ ತನಕ ಹೋದಾಗ ಸಿಸ್ಟಮ್ ಬಿಟ್ಟಿತು. ಲೀಗಲ್, ಟೆಕ್ನಿಕಲ್ 5,900ಕ್ಕೆ ಬಂತು. ಸೇವಾ ಶುಲ್ಕ ಹೋಯಿತು. ಲಾಗಿನ್ ಫೀ ಮಾತ್ರ ಬಿಡಲಿಲ್ಲ, ಏಕೆಂದರೆ ಅರ್ಜಿ ಹಾಕುವಾಗಲೇ ಅದನ್ನು ಕಟ್ಟಿಬಿಟ್ಟಿದ್ದೆವು. ಕಟ್ಟಿದ ದುಡ್ಡಿನ ಮೇಲೆ ಚೌಕಾಸಿ ನಡೆಯುವುದಿಲ್ಲ. ಮೊದಲೇ, ‘ಮಂಜೂರಾಗದಿದ್ದರೆ, ನಾವೇ ಬೇಡ ಅಂದರೆ ಇದು ವಾಪಸ್ ಬರುತ್ತದೆಯೇ’ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆ 5,900 ನಮಗೆ ಬರಲೇ ಇಲ್ಲ, ಇವತ್ತಿಗೂ ನೆನಪಾದಾಗ ಕಸಿವಿಸಿ ಆಗುತ್ತದೆ.

ಕೊನೆಗೆ ಇಲ್ಲಿನ ಖರ್ಚು 24,618ಕ್ಕೆ ನಿಂತಿತು. ಏಜೆಂಟ್ ಅವತ್ತೇ ಸಹಿ ಬೇಕು ಎಂದು ಮೂರು ಸಲ ಫೋನ್ ಮಾಡಿದ. ಕೆಎಫ್‌ಎಸ್ ಕೊಟ್ಟ ಮೇಲೆ ಯೋಚಿಸಲು ನಮಗೆ ಕನಿಷ್ಠ ಮೂರು ಕೆಲಸದ ದಿನ ಸಿಗಬೇಕು, ಅಲ್ಲಿಯವರೆಗೆ ಅದರ ಷರತ್ತಿಗೆ ಬ್ಯಾಂಕ್ ಬದ್ಧ. ಅದನ್ನು ಹೇಳಿದ ಮೇಲೆ ಫೋನ್ ನಿಂತಿತು.

ಸರ್ಕಾರಿ ಬ್ಯಾಂಕಿನಲ್ಲಿ

ನಮ್ಮ ಅತ್ತೆಗೆ ಮೊದಲಿಂದಲೂ ಇದೇ ಆಸೆ. ಅವರು ಉಡುಪಿ ಕಡೆಯವರು. ಮಾವ ಮಾಟುಂಗದ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದಾಗ ಸಂಬಳ ಇಡುತ್ತಿದ್ದದ್ದು ‘ನಮ್ಮೂರ ಬ್ಯಾಂಕಿ’ನಲ್ಲಿ. ಕರಾವಳಿಯಲ್ಲಿ ಹುಟ್ಟಿ ಮುಂಬಯಿ ತುಂಬ ಶಾಖೆ ತೆರೆದ ಆ ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್, ಕಾರ್ಪೊರೇಶನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಅತ್ತೆಗೆ ಅದು ಇನ್ನೂ ಮನಸ್ಸಿಗೆ ಹತ್ತಿಲ್ಲ. ಪ್ರೀತಿ ಬೇರೆ, ಫೀ ಬೇರೆ. ಇಲ್ಲೂ ಅದೇ ಪೆನ್ಸಿಲ್, ಅದೇ ಪ್ರಶ್ನೆ.

ದರ ರೆಪೊ 5.50ರ ಮೇಲೆ 2.00, ಶೇ 7.50. ಪ್ರೊಸೆಸಿಂಗ್ ಫೀ ಶೇ 0.25, ಜಿಎಸ್‌ಟಿ ಸೇರಿ 11,210. ಪ್ಯಾನೆಲ್ ವಕೀಲರಿಗೆ 3,500, ವ್ಯಾಲ್ಯುಯರ್‌ಗೆ 3,500. ಸರ್ಕಾರದ ಪಾಲು ಅದೇ 12,818. ಒಟ್ಟು 31,028. ವಿಮೆಯ ಮಾತು ತೆಗೆದರು, ಬೇಡ ಎಂದ ಮೇಲೆ ಬಿಟ್ಟರು. ಮನೆಗೆ ಬೆಂಕಿ ಅನಾಹುತದ ವಿಮೆ ಮಾತ್ರ ಮಾಡಿಸಲು ಹೇಳಿದರು. ಅದು ಸಣ್ಣ ಮೊತ್ತ, ಮಾಡಿಸಿದೆವು.

ಮ್ಯಾನೇಜರ್ ಧಾರವಾಡದವರು. ನಾವು ಮನೆಯಲ್ಲಿ ಮಾತಾಡುವ ಭಾಷೆಯಲ್ಲೇ ಸಾಲದ ಬಗ್ಗೆ ಮಾತಾಡಲು ಸಿಕ್ಕಿದ್ದು ನನಗೆ ದೊಡ್ಡ ಸಮಾಧಾನ. ‘ಪ್ರೊಸೆಸಿಂಗ್ ಫೀ ನಮ್ಮ ಕೈಯಾಗ ಇಲ್ರಿ ಮೇಡಂ, ಮ್ಯಾಲಿನಿಂದ ಬಂದದ್ದು’ ಎಂದರು. ನಾನು ಮನೆಗೆ ಬಂದು ಆ ಬ್ಯಾಂಕಿನದೇ ವೆಬ್‌ಸೈಟ್ ಹುಡುಕಿದೆ. ಬೇರೆ ಕಡೆಯಿಂದ ತರುವ ಸಾಲಕ್ಕೆ ಸೆಪ್ಟೆಂಬರ್ ಕೊನೆಯವರೆಗೆ ಪ್ರೊಸೆಸಿಂಗ್ ಫೀ ಮನ್ನಾ ಎಂಬ ಮಳೆಗಾಲದ ಆಫರ್ ಅಲ್ಲೇ ಇತ್ತು. ಪ್ರಿಂಟ್ ತೆಗೆದುಕೊಂಡು ಮರುದಿನ ಹೋದೆ. ಅವರು ಓದಿ, ಝೋನಲ್ ಆಫೀಸಿಗೆ ಫೋನ್ ಮಾಡಿ, ‘ಇದು ನನಗ ಗೊತ್ತೇ ಇರಲಿಲ್ಲ, ನೀವು ತಂದದ್ದು ಛಲೋ ಆತು’ ಎಂದರು. 11,210 ಅಲ್ಲಿಗೇ ಹೋಯಿತು. ಉಳಿದದ್ದು 19,818. ವಕೀಲರ ಫೀಯೂ ವ್ಯಾಲ್ಯುಯರ್ ಫೀಯೂ ನಾವು ನೇರ ಕೊಟ್ಟು ರಸೀದಿ ಪಡೆದೆವು, ಅದರಲ್ಲಿ ಚೌಕಾಸಿ ಮಾಡಲು ನನಗೆ ಮನಸ್ಸಾಗಲಿಲ್ಲ. ಆ ವಕೀಲರು 1994ರಿಂದ ಇಲ್ಲಿಯವರೆಗೆ ಕೈ ಬದಲಾದ ಮೂರೂ ಅಗ್ರಿಮೆಂಟ್ ಓದಿ, ಮಧ್ಯದ ಒಂದು ಮಾರಾಟದ ಇಂಡೆಕ್ಸ್ 2, ಅಂದರೆ ನೋಂದಣಿಯ ಸಾರಾಂಶ ಪತ್ರ, ಇಲ್ಲ ಎಂದು ಹಿಡಿದರು. ಖಾಸಗಿ ಬ್ಯಾಂಕಿನವರು ಅದನ್ನು ಗಮನಿಸಿಯೂ ಇರಲಿಲ್ಲ.

ತೊಂದರೆ ಸಮಯದ್ದು. ಖಾಸಗಿಯಲ್ಲಿ ಐದು ದಿನಕ್ಕೆ ಮುಗಿದದ್ದು ಇಲ್ಲಿ ಏಳು ವಾರ ಹಿಡಿಯಿತು. ಶಾಖೆಗೆ ಆರು ಸಲ ಹೋದೆ. ಎರಡು ಸಲ ಅರ್ಧ ದಿನ ರಜೆ. ಸೊಸೈಟಿಯ ಎನ್‌ಒಸಿ, ಶೇರ್ ಸರ್ಟಿಫಿಕೇಟಿನ ನಕಲು, ಕಟ್ಟಡದ ಒಸಿ (ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ), ಒಂದಾದ ಮೇಲೊಂದು ಕೇಳಿದರು. ಏಳು ವಾರ 9.40ರಲ್ಲೇ ಬಡ್ಡಿ ಓಡುತ್ತದೆ, ಅದನ್ನೂ ಖರ್ಚಿಗೆ ಸೇರಿಸಬೇಕು. ಶೇ 1.90 ವ್ಯತ್ಯಾಸಕ್ಕೆ 38 ಲಕ್ಷದ ಮೇಲೆ ವಾರಕ್ಕೆ ಸುಮಾರು 1,400 ರೂಪಾಯಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದು, ರಜೆ ಸಿಗದ ಕೆಲಸವಿದ್ದರೆ ಈ ದಾರಿ ನಿಜಕ್ಕೂ ಕಷ್ಟ.

ಮೂರನ್ನೂ ಪಕ್ಕಪಕ್ಕ ಇಟ್ಟಾಗ

ಚೌಕಾಸಿ ಮುಗಿದ ಮೇಲಿನ ಸಂಖ್ಯೆ ಹೀಗಿತ್ತು. ಹಳೆಯ ಕಂಪನಿ: ಶೇ 8.10, ಕಂತು 37,886, ಖರ್ಚು 5,900. ಖಾಸಗಿ ಬ್ಯಾಂಕ್: ಶೇ 7.90, ಕಂತು 37,455, ಖರ್ಚು 24,618. ಸರ್ಕಾರಿ ಬ್ಯಾಂಕ್: ಶೇ 7.50, ಕಂತು 36,599, ಖರ್ಚು 19,818.

ಖಾಸಗಿಗೆ ಹೋದರೆ ಹಳೆಯದಕ್ಕಿಂತ ತಿಂಗಳಿಗೆ 431 ರೂಪಾಯಿ ಉಳಿತಾಯ, ಖರ್ಚು 18,718 ಜಾಸ್ತಿ. ಆ ಖರ್ಚು ವಾಪಸ್ ಹುಟ್ಟಲು 43 ತಿಂಗಳು ಬೇಕು. ಮೂರೂವರೆ ವರ್ಷ ಕಾದು ಲಾಭ ನೋಡುವುದಕ್ಕೆ ಈ ಓಡಾಟ ಏಕೆ? ಸರ್ಕಾರಿ ಬ್ಯಾಂಕಿಗೆ ಹೋದರೆ ತಿಂಗಳಿಗೆ 1,287 ಉಳಿತಾಯ, ಖರ್ಚು 13,918 ಜಾಸ್ತಿ. ಹನ್ನೊಂದು ತಿಂಗಳಲ್ಲಿ ಹುಟ್ಟುತ್ತದೆ. ಆಮೇಲೆ 13 ವರ್ಷ ಉಳಿತಾಯವೇ. ಜೊತೆಗೆ ದರ ರೆಪೊಗೆ ಕಟ್ಟಿದ್ದು, ಇಳಿದರೆ ತಾನೇ ಇಳಿಯುತ್ತದೆ. ಏರಿದರೆ ಏರುತ್ತದೆ ಕೂಡ, ಅದಕ್ಕೆ ನಾವು ತಯಾರಿದ್ದೆವು. ಸರ್ಕಾರಿ ಬ್ಯಾಂಕೇ ಸರಿ ಎಂದು ತೀರ್ಮಾನಿಸಿದೆವು.

ಎಲ್ಲರಿಗೂ ಇದೇ ಉತ್ತರ ಬರುವುದಿಲ್ಲ. ನನ್ನ ಮೈದುನ ಪುಣೆಯ ಪಿಂಪ್ರಿಯಲ್ಲಿದ್ದಾನೆ. ನಮ್ಮದು ಕೇಳಿ, ‘ಅತ್ತಿಗೆ, ನಂದೂ ಬದಲಿಸೋಣ’ ಎಂದ. ಅವನ ಬಾಕಿ 9 ಲಕ್ಷ, ನಾಲ್ಕು ವರ್ಷ, ಬಡ್ಡಿ ಶೇ 9.20. ಬೇರೆ ಬ್ಯಾಂಕ್ ಶೇ 7.60 ಕೊಡುತ್ತಿತ್ತು. ನಾಲ್ಕು ವರ್ಷದಲ್ಲಿ ಸುಮಾರು 32,600 ಉಳಿತಾಯ, ಸ್ಟ್ಯಾಂಪ್ ಡ್ಯೂಟಿ ಎಲ್ಲ ಸೇರಿ ಖರ್ಚು 15,700, ಕೈಗೆ ಸಿಗುವುದು 17 ಸಾವಿರದ ಹತ್ತಿರ. ಅವನ ಈಗಿನ ಬ್ಯಾಂಕೇ 3,540 ರೂಪಾಯಿ ತೆಗೆದುಕೊಂಡು ಶೇ 8.20 ಮಾಡಲು ಒಪ್ಪಿತ್ತು. ಅಲ್ಲಿ ಉಳಿತಾಯ 20,400, ಫೀ ಕಳೆದರೆ ಅದೂ 17 ಸಾವಿರದ ಹತ್ತಿರವೇ. ಒಂದು ಸಹಿ ಹಾಕಿ ಮುಗಿಸು ಎಂದೆ. ಹಾಗೇ ಮಾಡಿದ. ಬಾಕಿ ಕಡಿಮೆ, ವರ್ಷ ಕಡಿಮೆ ಇದ್ದರೆ ವಕೀಲರು, ವ್ಯಾಲ್ಯುಯರ್ ಫೀಗಳೇ ಲಾಭ ತಿಂದುಹಾಕುತ್ತವೆ, ಏಕೆಂದರೆ ಅವು ಸಾಲದ ಜೊತೆ ಚಿಕ್ಕದಾಗುವುದಿಲ್ಲ.

ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಖರ್ಚಿದೆ. ಹೊಸ ಬ್ಯಾಂಕ್ ಡಿಡಿ ಬರೆದ ದಿನದಿಂದ ಅವರ ಬಡ್ಡಿ ಶುರು. ಅದು ಹಳೆಯ ಕಂಪನಿಯ ಖಾತೆಗೆ ಜಮೆ ಆಗುವವರೆಗೆ ಇವರ ಬಡ್ಡಿಯೂ ಓಡುತ್ತದೆ. ನಮ್ಮ ಸಾಲಕ್ಕೆ ಹಳೆಯದು ದಿನಕ್ಕೆ 979, ಹೊಸದು 781. ಡಿಡಿ ಐದು ದಿನ ಯಾರದೋ ಮೇಜಿನ ಮೇಲೆ ಕೂತರೆ ಸುಮಾರು ನಾಲ್ಕು ಸಾವಿರ ಸುಮ್ಮನೆ ಹೋಯಿತು. ಹಾಗಾಗಿ ಫೋರ್‌ಕ್ಲೋಷರ್ ಲೆಟರ್‌ನಲ್ಲಿ ದಿನದ ಬಡ್ಡಿಯನ್ನೂ ಬರೆಸಿಕೊಂಡಿದ್ದೆ. ಡಿಡಿ ಬೆಳಿಗ್ಗೆಯೇ ಬರೆದುಕೊಡಿ ಎಂದು ಮ್ಯಾನೇಜರ್‌ಗೆ ಹೇಳಿದೆ. ಆಗಸ್ಟ್ ಮಧ್ಯದ ಜೋರು ಮಳೆಯ ದಿನ, ಬ್ಯಾಂಕಿನ ಒಬ್ಬ ಆಫೀಸರ್ ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ 38 ಲಕ್ಷದ ಡಿಡಿ ಇಟ್ಟುಕೊಂಡು ಠಾಣೆಗೆ ಲೋಕಲ್ ಹತ್ತಿದೆ. ಹನ್ನೆರಡು ಗಂಟೆಯೊಳಗೆ ಕೊಟ್ಟು, ಸಮಯ ಹಾಕಿದ ಸ್ವೀಕೃತಿ ತಗೊಂಡೆವು.

ಪತ್ರಗಳು ಬರಲು 45 ದಿನ ಆಗುತ್ತದೆ ಎಂದು ಹಳೆಯ ಕಂಪನಿಯವರು ಹೇಳಿದರು. 2023ರ ಡಿಸೆಂಬರ್ 1ರಿಂದ ನಿಯಮ ಬೇರೆ ಇದೆ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದನ್ನು ಬರೆದು, ಉತ್ತರ ಬರದಿದ್ದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ದೂರು ಕೊಡುತ್ತೇನೆ ಎಂದೂ ಸೇರಿಸಿದೆ. ಹೌಸಿಂಗ್ ಫೈನಾನ್ಸ್ ಕಂಪನಿಯ ದೂರು ಹೋಗುವುದು ಅಲ್ಲಿಗೆ. ಬ್ಯಾಂಕಿನ ಮೇಲಾದರೆ ಮೊದಲು ಬ್ಯಾಂಕಿಗೇ ಬರೆದು, 30 ದಿನ ಕಾದು, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ. 22ನೇ ದಿನ ಪತ್ರಗಳು ಹೊಸ ಬ್ಯಾಂಕಿಗೆ ತಲುಪಿದವು. ಕೊಟ್ಟ ಪಟ್ಟಿಗೂ ಬಂದ ಪತ್ರಕ್ಕೂ ಒಂದೊಂದಾಗಿ ತಾಳೆ ನೋಡಿ, ಸೊಸೈಟಿಯ ಸೆಕ್ರೆಟರಿಗೆ ಹೇಳಿ ಹಳೆಯ ಕಂಪನಿಯ ಹೆಸರು ತೆಗೆಸಿ ಹೊಸ ಬ್ಯಾಂಕಿನದ್ದು ಬರೆಸಿದೆ. ಸೆರ್ಸಾಯಿಯಲ್ಲಿ ಹಳೆಯ ಅಡ ತೀರಿದೆ ಎಂದು ದಾಖಲಾಗಲು ಇನ್ನೆರಡು ಇಮೇಲ್ ಬೇಕಾಯಿತು.

ಕಂತಿನ ವಿಷಯ ಮಾತ್ರ ಬಾಕಿ ಇತ್ತು. ಹೊಸ ಕಂತು 36,599 ಕಟ್ಟಿದರೆ ಸಾಕು. ಆದರೆ ಏಳು ವರ್ಷದಿಂದ 40 ಸಾವಿರದ ಆಸುಪಾಸಿನಲ್ಲೇ ಸಂಸಾರ ನಡೆಸಿದ್ದೇವೆ. ಹಳೆಯ 40,753ನ್ನೇ ಮುಂದುವರಿಸುತ್ತೇವೆ ಎಂದು ಬರೆದುಕೊಟ್ಟೆವು. ದರ ಹೀಗೇ ಇದ್ದರೆ 168 ತಿಂಗಳ ಸಾಲ 141 ತಿಂಗಳಿಗೆ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ರೆಪೊ ಮತ್ತೆ ಕಾಲು ಇಳಿದು 5.25 ಆಯಿತು. ಈ ಸಲ ನಾನು ಯಾರಿಗೂ ಬರೆಯಬೇಕಾಗಲಿಲ್ಲ. 2026ರ ಜನವರಿಯಲ್ಲಿ ಬ್ಯಾಂಕಿನಿಂದ ಮೆಸೇಜ್ ಬಂತು, ನಿಮ್ಮ ದರ ಶೇ 7.25. 2025ರ ಜೂನ್‌ನಲ್ಲಿ 40,753ರ ಕಂತಿನಲ್ಲಿ ಅಸಲಿಗೆ ಹೋಗುತ್ತಿದ್ದದ್ದು 11 ಸಾವಿರದಷ್ಟು. ಜನವರಿಯ ಅದೇ ಕಂತಿನಲ್ಲಿ ಅಸಲಿಗೆ ಹೋದದ್ದು 18,209.